ಗುಲಗಂಜಿ ಹುಳು: ಹೊಲದೊಳಗಿನ ಕಾವಲು

(ಉಚ್ಚಂಗಿದುರ್ಗದಲ್ಲಿ ರೈತರು ಹಾಗೂ ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹರೂಪ)



ಉಚ್ಚಂಗಿದುರ್ಗ ಎಂದೊಡನೆ ಕೋಟೆಯ ಮಾತು ಬರುತ್ತದೆ. ನೊಳಂಬವಾಡಿಯನ್ನು ಆಳಿದ ಪಾಂಡ್ಯರ ರಾಜಧಾನಿ ಇದು. ಹೊಯ್ಸಳರ ಇಮ್ಮಡಿ ಬಲ್ಲಾಳ 12ನೇ ಶತಮಾನದಲ್ಲಿ ಇದನ್ನು ಗೆದ್ದುದನ್ನು ಶಾಸನಗಳು ಕೊಂಡಾಡಿವೆ. ಬೆಟ್ಟದ ಮೇಲಿನ ಅಮ್ಮನ ಗುಡಿಗೆ ಹುಣ್ಣಿಮೆಯಲ್ಲಿ ಇಂದಿಗೂ ಜನ ಸೇರುತ್ತಾರೆ. ಆದರೆ ಇಂದಿನ ವಿಷಯ ಕೋಟೆಯದಲ್ಲ, ಅದರ ಕೆಳಗೆ ಹರಡಿಕೊಂಡಿರುವ ಹೊಲಗಳದು. ಮೆಕ್ಕೆಜೋಳದ ಸುಳಿಯಲ್ಲಿ, ಶೇಂಗಾದ ಚಿಗುರಿನಲ್ಲಿ, ಅಲಸಂದೆಯ ಕಾಯಿಯ ಮೇಲೆ ಪ್ರತಿ ವರ್ಷವೂ ಒಂದು ಮುತ್ತಿಗೆ ನಡೆಯುತ್ತದೆ. ಮುತ್ತಿಗೆ ಹಾಕುವುದು ಹೇನು. ಅದನ್ನು ಒಡೆಯಲು ಬರುವುದು ಶೇಂಗಾ ಬೀಜಕ್ಕಿಂತ ಚಿಕ್ಕದಾದ, ಅರ್ಧಗೋಲದ ಆಕಾರದ, ಮಿರುಗುವ ಬೆನ್ನಿನ ಒಂದು ದುಂಬಿ. ಕೃಷಿ ಇಲಾಖೆಯ ಪುಸ್ತಕಗಳಲ್ಲಿ ಅದಕ್ಕೆ ಗುಲಗಂಜಿ ಹುಳು ಎಂಬ ಹೆಸರಿದೆ.

ಹೆಸರಿಟ್ಟವರ ಕಣ್ಣು ಸೂಕ್ಷ್ಮವಾದದ್ದು. ಬೇಲಿಯ ಬಳ್ಳಿಯಲ್ಲಿ ಬಿಡುವ ಗುಲಗಂಜಿ ಕೆಂಪಗಿದ್ದು, ತುದಿಯಲ್ಲಿ ಕಪ್ಪು ಬೊಟ್ಟು ಇಟ್ಟುಕೊಂಡಿರುತ್ತದೆ. ಅಕ್ಕಸಾಲಿಗರು ತಲೆಮಾರುಗಳ ಕಾಲ ಚಿನ್ನ ತೂಗಿದ್ದು ಅದರಲ್ಲೇ. ಯುರೋಪಿನವರು ಇದೇ ಹುಳುವಿಗೆ ಮೇರಿ ಮಾತೆಯ ಹೆಸರು ಕೊಟ್ಟರು. ಇಂಗ್ಲಿಷಿನ ‘ಲೇಡಿ ಬರ್ಡ್’ ಎಂಬಲ್ಲಿನ ‘ಲೇಡಿ’ ಆ ತಾಯಿಯೇ. ಅಲ್ಲಿ ದೇವರ ತಾಯಿ, ಇಲ್ಲಿ ಚಿನ್ನದ ತೂಕ. ಎರಡೂ ಕಡೆ ಹುಳುವಿಗೆ ಬೆಲೆ ಕಟ್ಟಿದವರು ಕಡಿಮೆಯದನ್ನೇನೂ ಕಟ್ಟಲಿಲ್ಲ. ಹಳೆಯ ಕಾವ್ಯಗಳಲ್ಲಿ ಬರುವ ಇಂದ್ರಗೋಪವೇ ಇದು ಎಂದು ಕೆಲವರು ತಿಳಿಯುವುದುಂಟು. ಅದು ಬೇರೆ. ಮೊದಲ ಮಳೆಗೆ ನೆಲದಿಂದ ಎದ್ದು ಬರುವ, ಮಖಮಲ್ಲಿನಂತಹ ಕೆಂಪು ಮೈಯ ಆ ಜೀವಿಗೆ ಎಂಟು ಕಾಲುಗಳಿವೆ, ರೆಕ್ಕೆಯಿಲ್ಲ. ಗುಲಗಂಜಿ ಹುಳು ಆರು ಕಾಲಿನ ದುಂಬಿ. ಗಟ್ಟಿಯಾದ ಮೇಲ್ರೆಕ್ಕೆಗಳ ಅಡಿಯಲ್ಲಿ ಹಾರುವ ರೆಕ್ಕೆಗಳನ್ನು ಮಡಿಸಿಟ್ಟುಕೊಂಡಿರುತ್ತದೆ. ಮುಟ್ಟಿದರೆ ಮೊಣಕಾಲಿನಿಂದ ಹಳದಿ ರಸ ಒಸರುತ್ತದೆ. ಅದರ ಕಹಿಗೆ ಹೆದರಿ ಹಕ್ಕಿಗಳೂ ದೂರ ಉಳಿಯುತ್ತವೆ. ಮೈಬಣ್ಣ ಇಷ್ಟು ಎದ್ದು ಕಾಣುವುದು ಅದಕ್ಕೇ: ‘ತಿಂದು ನೋಡಬೇಡ’ ಎಂಬ ಎಚ್ಚರಿಕೆಯ ಫಲಕ ಅದು.

ಇದು ಬೇಟೆಯಾಡುವ ಹೇನಿನ ಸ್ವಭಾವವನ್ನು ತಿಳಿಯದೆ ಈ ಬೇಟೆಗಾರನ ಬೆಲೆ ತಿಳಿಯುವುದಿಲ್ಲ. ಹೇನಿನಲ್ಲಿ ಹೆಣ್ಣು ಗಂಡಿನ ಹಂಗಿಲ್ಲದೆ ನೇರವಾಗಿ ಮರಿ ಹಾಕುತ್ತದೆ. ಆ ಮರಿ ವಾರ ಕಳೆಯುವುದರೊಳಗೆ ತಾನೇ ತಾಯಿಯಾಗುತ್ತದೆ. ಸೂಜಿಯಂತಹ ಬಾಯಿಯನ್ನು ಚಿಗುರಿಗೆ ಚುಚ್ಚಿ ರಸ ಹೀರುವ ಹೇನು, ಹೆಚ್ಚಾದ ಸಕ್ಕರೆಯನ್ನು ಜಿಗಿಯಾಗಿ ಹೊರಗೆ ಬಿಡುತ್ತದೆ. ಎಲೆ ಅಂಟಂಟಾಗಿ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬಿಸಿಲನ್ನೇ ನಂಬಿದ ಎಲೆಗೆ ಮುಸುಕು ಹಾಕಿದಂತಾಗುತ್ತದೆ. ನಂಜು ರೋಗಗಳನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೊತ್ತು ತರುವುದೂ ಈ ಹೇನುಗಳಲ್ಲಿ ಹಲವುದರ ಕೆಲಸ.

ಗುಲಗಂಜಿ ಹುಳುವಿನ ತಾಯಿ ಮೊಟ್ಟೆಯಿಡುವುದು ಹೇನಿನ ಹಿಂಡು ಇರುವ ಎಲೆಯ ಮೇಲೆ ಅಥವಾ ಅದರ ಪಕ್ಕದಲ್ಲೇ. ಮೊಟ್ಟೆಗಳು ಹಳದಿ ಬಣ್ಣದವು, ಕದಿರಿನ ಆಕಾರದವು, ಎಲೆಗೆ ಅಂಟಿಕೊಂಡು ನೆಟ್ಟಗೆ ನಿಂತಿರುತ್ತವೆ. ಮೂರು ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಇಲ್ಲಿಂದಲೇ ರೈತನಿಗೂ ಈ ಹುಳುವಿಗೂ ತಪ್ಪು ತಿಳಿವಳಿಕೆ ಶುರು. ದೊಡ್ಡದು ಎಷ್ಟು ಚೆಲುವೋ ಮರಿ ಅಷ್ಟೇ ವಿಕಾರ: ಉದ್ದನೆಯ ಕಪ್ಪು ಮೈ, ಬೆನ್ನ ಮೇಲೆ ಕಿತ್ತಳೆಯೋ ಬಿಳಿಯೋ ಮಚ್ಚೆ, ಮುಳ್ಳುಮುಳ್ಳಾದ ಚರ್ಮ, ಚುರುಕಾದ ಆರು ಕಾಲು. ಪುಟ್ಟ ಮೊಸಳೆಯೊಂದು ಎಲೆಯ ಮೇಲೆ ಓಡಾಡಿದಂತೆ ಕಾಣುತ್ತದೆ. ಇದನ್ನು ಕಂಡು ‘ಹೊಸ ಹುಳ ಬಿದ್ದಿದೆ’ ಎಂದು ಔಷಧದ ಅಂಗಡಿಗೆ ಓಡುವವರಿದ್ದಾರೆ. ನಿಜ ಸಂಗತಿಯೆಂದರೆ, ಈ ಮರಿ ಬೆಳೆದು ಕೋಶ ಕಟ್ಟುವ ಮೊದಲಿನ ಸುಮಾರು ಹತ್ತು ದಿನಗಳಲ್ಲಿ ನೂರಾರು ಹೇನುಗಳನ್ನು ತಿಂದು ಮುಗಿಸುತ್ತದೆ. ಕೋಶದೊಳಗೆ ನಾಲ್ಕೈದು ದಿನ. ಆಮೇಲೆ ಹೊರಬರುವ ದುಂಬಿಯೂ ಅದೇ ಊಟವನ್ನು ಮುಂದುವರಿಸುತ್ತದೆ. ಆ ಭಾಗದ ಹೊಲಗಳಲ್ಲಿ ಹೆಚ್ಚಾಗಿ ಸಿಗುವುದು ಬೆನ್ನ ಮೇಲೆ ಅಂಕುಡೊಂಕು ಕಪ್ಪು ಗೆರೆಗಳಿರುವ ಜಾತಿ. ಕಪ್ಪು ಅಡ್ಡಪಟ್ಟೆಯದೂ ಕಾಣಸಿಗುತ್ತದೆ. ಹೇನು ಸಿಗದ ದಿನಗಳಲ್ಲಿ ಅವು ಮೆಕ್ಕೆಜೋಳದ ಹೂವಿನ ಪುಡಿಯನ್ನು ತಿಂದಾದರೂ ಕಾಲ ಹಾಕುತ್ತವೆ.

ಆದರೆ ಚುಕ್ಕಿಯಿದ್ದದ್ದೆಲ್ಲ ಮಿತ್ರನಲ್ಲ. ಬದನೆ, ಆಲೂಗಡ್ಡೆ, ಹಾಗಲ ಬೆಳೆಯುವವರು ಇಪ್ಪತ್ತೆಂಟು ಚುಕ್ಕಿಯ ದುಂಬಿಯನ್ನು ಬಲ್ಲರು. ಅದೂ ಇದೇ ಮನೆತನದ್ದು, ಆದರೆ ಸಸ್ಯಾಹಾರಿ. ಎಲೆಯ ಹಸಿರನ್ನು ಕೆರೆದು ತಿಂದು ನರಗಳ ಬಲೆಯನ್ನು ಮಾತ್ರ ಉಳಿಸುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಮಿತ್ರ ಹುಳುವಿನ ಬೆನ್ನು ಎಣ್ಣೆ ಸವರಿದಂತೆ ಹೊಳೆಯುತ್ತದೆ. ಇದರ ಬೆನ್ನು ಸಣ್ಣ ಕೂದಲಿನಿಂದ ಮಂಕಾಗಿರುತ್ತದೆ. ಮಿತ್ರನ ಮರಿ ಕಪ್ಪು ಮೊಸಳೆಯಂತೆ. ಇದರ ಮರಿ ಹಳದಿ, ಮೈತುಂಬ ಕವಲು ಮುಳ್ಳು, ನಡಿಗೆಯೂ ನಿಧಾನ. ಮಿತ್ರ ಇರುವ ಎಲೆಯಲ್ಲಿ ಹೇನು ಇರುತ್ತದೆ. ಇದು ಇರುವ ಎಲೆಯಲ್ಲಿ ಜರಡಿಯಂತಹ ತೂತು.

ಒಂದು ಜೀವಿಯ ಮೇಲೆ ಇನ್ನೊಂದು ಜೀವಿಯನ್ನು ಬಿಡುವ ಉಪಾಯ ಪ್ರಯೋಗಶಾಲೆಯಲ್ಲಿ ಹುಟ್ಟಿದ್ದಲ್ಲ. ದಕ್ಷಿಣ ಚೀನಾದ ರೈತರು ಕಿತ್ತಳೆ ತೋಟಕ್ಕೆ ಎಲೆ ಹೊಲಿಯುವ ಇರುವೆಗಳ ಗೂಡನ್ನು ತಂದು ಕಟ್ಟುತ್ತಿದ್ದರು. ಆ ಗೂಡುಗಳನ್ನು ಸಂತೆಯಲ್ಲಿ ಮಾರುತ್ತಿದ್ದರೆಂದು ಕ್ರಿ.ಶ. 4ನೇ ಶತಮಾನದ್ದೆಂದು ಹೇಳಲಾಗುವ ಗ್ರಂಥವೊಂದು ತಿಳಿಸುತ್ತದೆ. ಮಲೆನಾಡಿನವರು ಚಟ್ನಿ ಮಾಡುವ ಚಗಳಿ ಇರುವೆಯ ಬಳಗವೇ ಅದು. 1762ರಲ್ಲಿ ಭಾರತದಿಂದ ಗೊರವಂಕ ಹಕ್ಕಿಯನ್ನು ಮಾರಿಷಸ್ ದ್ವೀಪಕ್ಕೆ ಒಯ್ದು ಮಿಡತೆಗಳ ಮೇಲೆ ಬಿಟ್ಟರು. ಕೀಟ ನಿಯಂತ್ರಣಕ್ಕಾಗಿ ಒಂದು ದೇಶದ ಜೀವಿ ಇನ್ನೊಂದು ದೇಶಕ್ಕೆ ಹೋದ ಮೊದಲ ದಾಖಲೆಗಳಲ್ಲಿ ಅದೂ ಒಂದು.

ಗುಲಗಂಜಿ ಹುಳುವಿಗೆ ಲೋಕಖ್ಯಾತಿ ತಂದದ್ದು ಮಾತ್ರ ಅಮೆರಿಕದ ಕ್ಯಾಲಿಫೋರ್ನಿಯ. 1868ರ ಸುಮಾರಿಗೆ ಆಸ್ಟ್ರೇಲಿಯದ ಗಿಡಗಳ ಜೊತೆ ಅಲ್ಲಿಗೆ ಬಂದಿಳಿದ ಒಂದು ಶಲ್ಕ ಕೀಟ, ಹತ್ತಿಯ ಮೆತ್ತೆಯಂತೆ ಕೊಂಬೆಗಳನ್ನೆಲ್ಲ ಮುಚ್ಚಿ ಕಿತ್ತಳೆ ತೋಟಗಳನ್ನು ಹಾಳುಗೆಡವಿತು. ಮರಗಳನ್ನು ಕಿತ್ತು ಸುಟ್ಟವರಿದ್ದರು. ಸರ್ಕಾರದ ಕೀಟತಜ್ಞ ಚಾರ್ಲ್ಸ್ ರೈಲಿ ಕೇಳಿದ ಪ್ರಶ್ನೆ ಸರಳವಾಗಿತ್ತು: ಈ ಕೀಟ ತನ್ನ ತವರಿನಲ್ಲಿ ಏಕೆ ಇಷ್ಟು ಹಾವಳಿ ಮಾಡುವುದಿಲ್ಲ? ಉತ್ತರ ಹುಡುಕಲು 1888ರಲ್ಲಿ ಆಲ್ಬರ್ಟ್ ಕೋಬೆಲೆ ಆಸ್ಟ್ರೇಲಿಯಕ್ಕೆ ಹೋದ. ವಿದೇಶ ಪ್ರವಾಸಕ್ಕೆ ಇಲಾಖೆಯ ಹಣ ಖರ್ಚು ಮಾಡಲು ನಿರ್ಬಂಧವಿದ್ದುದರಿಂದ ಮೆಲ್ಬರ್ನಿನ ವಸ್ತುಪ್ರದರ್ಶನಕ್ಕೆ ಹೋಗುವ ತಂಡದಲ್ಲಿ ಅವನನ್ನು ಸೇರಿಸಬೇಕಾಯಿತು. ಸರ್ಕಾರಿ ಕಡತಗಳ ಚಾತುರ್ಯ ಎಲ್ಲ ದೇಶಗಳಲ್ಲೂ ಒಂದೇ. ಅವನು ಹಡಗಿನಲ್ಲಿ ಕಳಿಸಿದ ಮೊದಲ ಕಂತುಗಳಲ್ಲಿ ಬದುಕಿ ತಲುಪಿದ ವೆಡಾಲಿಯ ಎಂಬ ಗುಲಗಂಜಿ ಹುಳುಗಳು 129. ಲಾಸ್ ಏಂಜಲಿಸ್‌ನಲ್ಲಿ ಒಂದು ಕಿತ್ತಳೆ ಮರಕ್ಕೆ ಬಟ್ಟೆಯ ಡೇರೆ ಕಟ್ಟಿ ಅವನ್ನು ಅದರೊಳಗೆ ಬಿಟ್ಟರು. ಮರ ಸ್ವಚ್ಛವಾದ ಮೇಲೆ ಡೇರೆಯ ಒಂದು ಬದಿ ತೆರೆದರು. ರೈತರು ಡಬ್ಬಿ ಹಿಡಿದು ಬಂದು ಹುಳುಗಳನ್ನು ತಮ್ಮ ತೋಟಗಳಿಗೆ ಕೊಂಡೊಯ್ದರು. 1889 ಮುಗಿಯುವ ಹೊತ್ತಿಗೆ ಆ ಪೀಡೆ ಹತೋಟಿಗೆ ಬಂದಿತ್ತು.

ಕಥೆಯ ಎರಡನೆಯ ಭಾಗವನ್ನು ಹೇಳುವವರು ಕಡಿಮೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅದೇ ಕ್ಯಾಲಿಫೋರ್ನಿಯದ ತೋಟಗಳಿಗೆ ಡಿಡಿಟಿ ಬಂತು. ಬೇರೆ ಕೀಟಗಳಿಗೆಂದು ಹೊಡೆದ ಡಿಡಿಟಿ ವೆಡಾಲಿಯವನ್ನು ಕೊಂದಿತು. ಮೇಣದ ಹೊದಿಕೆಯೊಳಗಿದ್ದ ಶಲ್ಕ ಕೀಟ ಮಾತ್ರ ಉಳಿಯಿತು. ಅರ್ಧ ಶತಮಾನ ತಲೆಯೆತ್ತದೆ ಇದ್ದ ಪೀಡೆ ಮತ್ತೆ ಮರ ಹತ್ತಿತು. ಬೆಳೆಗಾರರು ಹುಳುಗಳನ್ನು ಪುನಃ ತಂದು ಬಿಡಬೇಕಾಯಿತು.

ದಕ್ಷಿಣ ಭಾರತಕ್ಕೆ ಇಂತಹ ಹುಳು ಬಂದದ್ದು 1898ರಲ್ಲಿ. ಎಚ್. ಒ. ನ್ಯೂಪೋರ್ಟ್ ಎಂಬಾತ ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಿಸಲೆಂದು ಆಸ್ಟ್ರೇಲಿಯದಿಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವನ್ನು ತರಿಸಿದ. ಕಪ್ಪು ಬೆನ್ನು, ಇಟ್ಟಿಗೆ ಬಣ್ಣದ ತಲೆ, ಚುಕ್ಕಿಯೇ ಇಲ್ಲ. ತಂದ ಕೆಲಸಕ್ಕೆ ಅದು ಒದಗಲಿಲ್ಲ. ಅದರ ನಾಲಿಗೆಗೆ ರುಚಿಸುವುದು ಹಿಟ್ಟು ತಿಗಣೆ. ತೋಟಗಳ ಮೂಲೆಯಲ್ಲಿ ಹೇಗೋ ನೆಲೆ ಕಂಡುಕೊಂಡ ಅದು, 1977ರಲ್ಲಿ ಬೆಂಗಳೂರಿನ ಸುತ್ತ ಮತ್ತೆ ಕಣ್ಣಿಗೆ ಬಿತ್ತು. ವಿಜ್ಞಾನಿಗಳು ಅದನ್ನು ಸಾಕತೊಡಗಿದರು. ಈ ನಡುವೆ ನೀಲಗಿರಿಯ ವಾಟಲ್ ಮರಗಳಿಗೆ ಕ್ಯಾಲಿಫೋರ್ನಿಯದ್ದೇ ಪೀಡೆ ತಗುಲಿ, 1920ರ ದಶಕದ ಕೊನೆಯ ಹೊತ್ತಿಗೆ ವೆಡಾಲಿಯವೂ ಈ ನಾಡಿಗೆ ಬಂದು ನೆಲೆಸಿತು.

ಕ್ರಿಪ್ಟೊಲೀಮಸ್ ಸಾಕುವ ವಿಧಾನ ಕೇಳಲು ಸ್ವಾರಸ್ಯವಾಗಿದೆ. ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಚೆನ್ನಾಗಿ ಬಲಿತ ಸಿಹಿಗುಂಬಳ. ಉಬ್ಬುತಗ್ಗು ಹೆಚ್ಚಿರುವ ಕಾಯಿಯನ್ನು ಆರಿಸಿ, ಅದರ ಮೇಲೆ ಹಿಟ್ಟು ತಿಗಣೆಯ ಮರಿಗಳನ್ನು ಬಿಡುತ್ತಾರೆ. ಕೆಲವು ವಾರಗಳಲ್ಲಿ ಕಾಯಿ ಹಿಟ್ಟಿನಲ್ಲಿ ಹೊರಳಿಸಿದಂತೆ ಬೆಳ್ಳಗಾಗುತ್ತದೆ. ಆಗ ಪಂಜರದೊಳಗಿಟ್ಟು ದುಂಬಿಗಳನ್ನು ಬಿಡಬೇಕು. ಅವು ಮೊಟ್ಟೆಯಿಟ್ಟು, ಮರಿಗಳು ಕಾಯಿಯನ್ನು ಮತ್ತೆ ಬೋಳು ಮಾಡಿ, ಹೊಸ ದುಂಬಿಗಳಾಗಿ ಹೊರಬರುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಬಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಕಾಫಿಗಾಗಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ದ್ರಾಕ್ಷಿ, ಸೀಬೆ, ನಿಂಬೆ ಮೊದಲಾದ ಹಣ್ಣಿನ ಬೆಳೆಗಳಿಗಾಗಿ ಇದನ್ನು ಬಳಕೆಗೆ ತಂದವು. ತೊಡಕು ಇಲ್ಲೂ ಒಂದಿದೆ. ಇದರ ಮರಿ ಮೈಮೇಲೆ ಬಿಳಿ ಮೇಣದ ಎಳೆಗಳನ್ನು ಹೊದ್ದು, ಥೇಟ್ ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ದುಡ್ಡು ಕೊಟ್ಟು ತಂದು ಬಿಟ್ಟ ಹುಳುವಿನ ಮರಿಯನ್ನೇ ‘ದೊಡ್ಡ ತಿಗಣೆ’ ಎಂದು ಕೊಲ್ಲುವ ಸಂಭವವಿದೆ. ತಿಗಣೆ ಮುಟ್ಟಿದರೂ ಅಲುಗುವುದು ಕಡಿಮೆ. ಮರಿ ಸರಸರನೆ ಓಡುತ್ತದೆ. ಅಷ್ಟು ನೋಡಿದರೆ ಸಾಕು.

ಭಾರತದಲ್ಲಿ ಈ ವಿದ್ಯೆಯ ತವರು ಬೆಂಗಳೂರು ಎಂದರೆ ತಪ್ಪಾಗದು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ 1957ರಲ್ಲಿ ಅಲ್ಲಿ ಆರಂಭವಾಯಿತು. 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯ ಬಂತು. ಅದೇ 2009ರಲ್ಲಿ ಹೆಸರು ಬದಲಿಸಿಕೊಂಡು, 2014ರಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಸಂಸ್ಥೆಯಾಯಿತು. ಅದು ಇರುವುದು ಹೆಬ್ಬಾಳದಲ್ಲಿ, ಬಳ್ಳಾರಿ ರಸ್ತೆಯಲ್ಲೇ. 1988ರಲ್ಲಿ ಸುಬಾಬುಲ್ ಮರಗಳನ್ನು ಒಂದು ಜಿಗಿಹೇನು ಒಣಗಿಸತೊಡಗಿದಾಗ, ಕ್ಯೂರಿನಸ್ ಎಂಬ ನೀಲಿ ಮಿನುಗಿನ ಗುಲಗಂಜಿ ಹುಳುವನ್ನು ಥಾಯ್ಲೆಂಡಿನಿಂದ ತರಿಸಿ ಬಿಟ್ಟದ್ದೂ ಬೆಂಗಳೂರಿನ ಸುತ್ತಲೇ.

ಇಷ್ಟರಲ್ಲಿ ಸೂರ್ಯಕಾಂತಿ ಬೆಳೆದವರ ಮನಸ್ಸಿಗೆ ಒಂದು ಹಳೆಯ ಸಂಶಯ ಬಂದಿರಬೇಕು. ಕಾಂಗ್ರೆಸ್ ಗಿಡವನ್ನು, ಅಂದರೆ ಪಾರ್ಥೇನಿಯಂ ಕಳೆಯನ್ನು ತಿನ್ನಲೆಂದು ತಂದ ದುಂಬಿ ಸೂರ್ಯಕಾಂತಿಗೇ ಬಾಯಿ ಹಾಕಿತಂತಲ್ಲ? ಅದು ನಡೆದ ಸಂಗತಿಯೇ. ಮೆಕ್ಸಿಕೊದಿಂದ ತಂದ ಜೈಗೊಗ್ರಾಮ ಎಂಬ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಕಾಂಗ್ರೆಸ್ ಗಿಡವನ್ನು ಬೋಳಿಸುವುದನ್ನು ಜನ ಮೆಚ್ಚಿದರು. 1990ರ ದಶಕದ ಆರಂಭದಲ್ಲಿ ಅದೇ ದುಂಬಿ ಸೂರ್ಯಕಾಂತಿಯ ಎಲೆಯ ಮೇಲೆ ಕಂಡಾಗ ದೊಡ್ಡ ಗದ್ದಲವೆದ್ದಿತು. ತನಿಖೆಗೆ ಸಮಿತಿಯೂ ಬಂತು. ಪಕ್ಕದ ಕಾಂಗ್ರೆಸ್ ಗಿಡದಿಂದ ಹಾರಿಬಂದ ಹೂಪುಡಿ ಸೂರ್ಯಕಾಂತಿಯ ಎಲೆಯ ಮೇಲೆ ಕೂತಿದ್ದಾಗ, ದುಂಬಿ ಆ ವಾಸನೆಗೆ ಮೋಸಹೋಗಿ ಎಲೆ ಕಡಿಯುತ್ತದೆ ಎಂದು ಸಂಶೋಧಕರು ತೋರಿಸಿದರು. ಸೂರ್ಯಕಾಂತಿಯನ್ನೇ ನಂಬಿ ಅದು ಸಂತಾನ ಬೆಳೆಸಲಾರದು. ಆತಂಕ ನಿಜವಾಗಲಿಲ್ಲ, ಆದರೆ ಗದ್ದಲವೂ ವ್ಯರ್ಥವಾಗಲಿಲ್ಲ: ಹೊರಗಿನ ಜೀವಿಯನ್ನು ತರುವ ಮುನ್ನ ಅದು ಏನೇನು ತಿನ್ನಬಲ್ಲದೆಂದು ಕೇಳುವ ಹಕ್ಕು ರೈತನಿಗಿದೆ ಎಂಬುದು ಅಂದು ಊರ್ಜಿತವಾಯಿತು. ಅಂದಹಾಗೆ ಆ ದುಂಬಿ ಗುಲಗಂಜಿ ಹುಳುವಿನ ಬಳಗದ್ದಲ್ಲ. ಕೆನೆ ಬಣ್ಣದ ಬೆನ್ನಿನ ಮೇಲೆ ಉದ್ದುದ್ದ ಕಂದು ಪಟ್ಟೆಗಳಿರುವ ಎಲೆದುಂಬಿ ಅದು.

ಗುಲಗಂಜಿ ಹುಳುಗಳಲ್ಲೇ ಹದ್ದು ಮೀರಿದ್ದೂ ಇದೆ. ಏಷ್ಯಾದ ಹಾರ್ಮೋನಿಯ ಎಂಬ ಜಾತಿಯನ್ನು ಅಮೆರಿಕ, ಯುರೋಪುಗಳಲ್ಲಿ ಹೇನಿನ ಮೇಲೆ ಬಿಟ್ಟರು. ಅದು ಹೇನನ್ನು ತಿಂದಿತು, ಜೊತೆಗೆ ಅಲ್ಲಿನ ನಾಡ ಗುಲಗಂಜಿ ಹುಳುಗಳ ಮೊಟ್ಟೆ ಮರಿಗಳನ್ನೂ ತಿಂದಿತು. ಚಳಿಗಾಲದಲ್ಲಿ ಮನೆಗಳೊಳಗೆ ಸಾವಿರಗಟ್ಟಲೆ ನುಗ್ಗಿತು. ದ್ರಾಕ್ಷಿ ಗೊಂಚಲಿನ ಜೊತೆ ಅರೆದುಹೋಗಿ ವೈನಿನ ರುಚಿಯನ್ನೂ ಕೆಡಿಸಿತು. ದಕ್ಷಿಣ ಆಫ್ರಿಕದ್ದು ಇನ್ನೊಂದು ಬಗೆಯ ಪೇಚು. ಅಲ್ಲಿ ಪಾಪಾಸುಕಳ್ಳಿಯನ್ನು ನಾಶ ಮಾಡಲು ಕಾಕಿನೀಲ್ ಎಂಬ ಕೆಂಪುರಸದ ಕೀಟವನ್ನು ಬಿಟ್ಟಿದ್ದರು. ಹಿಟ್ಟು ತಿಗಣೆಗಾಗಿ ತಂದಿದ್ದ ಕ್ರಿಪ್ಟೊಲೀಮಸ್ ಆ ಕಾಕಿನೀಲನ್ನೂ ತಿಂದು ಕಳ್ಳಿಗೆ ರಕ್ಷಣೆ ಕೊಟ್ಟಿತು. ಇಲ್ಲಿ 1926ರಲ್ಲಿ ಸಿಂಹಳದಿಂದ ಬಂದ ಕಾಕಿನೀಲ್ ದಕ್ಷಿಣ ಭಾರತದ ಬಯಲುಗಳಲ್ಲಿ ಪಾಪಾಸುಕಳ್ಳಿಯ ಪೊದೆಗಳನ್ನು ಕರಗಿಸಿತು.

ಎಲ್ಲಕ್ಕೂ ಗುಲಗಂಜಿ ಹುಳುವೇ ಮದ್ದು ಎಂದರೂ ಸುಳ್ಳಾಗುತ್ತದೆ. 2002ರಲ್ಲಿ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಂದಾಗ ಹೆಚ್ಚು ನೆರವಾದದ್ದು ಡೈಫಾ ಎಂಬ ಪತಂಗದ ಮರಿ ಮತ್ತು ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆಯ ಕೀಟ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪರಂಗಿಯ ಹಿಟ್ಟು ತಿಗಣೆ ಹಿಪ್ಪುನೇರಳೆಗೂ ಹಬ್ಬಿದಾಗ, ಕ್ರಿಪ್ಟೊಲೀಮಸ್‌ನಿಂದ ಅದನ್ನು ಹಿಡಿದು ನಿಲ್ಲಿಸಲಾಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಪರತಂತ್ರ ಕಣಜ ಆ ಕೆಲಸ ಮಾಡಿತು. 2018ರಲ್ಲಿ ಸೈನಿಕ ಹುಳು ಭಾರತಕ್ಕೆ ಕಾಲಿಟ್ಟದ್ದು ಕರ್ನಾಟಕದ ಮೆಕ್ಕೆಜೋಳದ ಹೊಲಗಳ ಮೂಲಕ. ಶಿವಮೊಗ್ಗದ ಕಡೆ ಮೊದಲು ಕಂಡ ಅದು ಈ ಸೀಮೆಯ ಸುಳಿಗಳನ್ನು ಕೊರೆಯಲು ಬಹಳ ದಿನ ತೆಗೆದುಕೊಳ್ಳಲಿಲ್ಲ. ಅದರ ಮೊಟ್ಟೆಯನ್ನೂ ಎಳೆ ಮರಿಯನ್ನೂ ಗುಲಗಂಜಿ ಹುಳು ತಿನ್ನುತ್ತದೆ. ಸುಳಿಯೊಳಗೆ ಇಳಿದು ಹಿಕ್ಕೆಯಿಂದ ಬಾಗಿಲು ಮುಚ್ಚಿಕೊಂಡ ದೊಡ್ಡ ಹುಳುವಿನ ಎದುರು ಅದರ ಆಟ ನಡೆಯದು.

ಹಾಗಾದರೆ ಒಣಬೇಸಾಯದ ರೈತನಿಗೆ ಇದರಿಂದ ಏನು ಸಿಕ್ಕೀತು? ಹುಳು ಕೊಂಡು ತರುವುದು ದ್ರಾಕ್ಷಿಯಂತಹ ಬೆಳೆಗೆ ಸರಿ. ಬಳ್ಳಿಗೆ ಹತ್ತರಂತೆ ಬಿಟ್ಟರೂ ಲೆಕ್ಕ ಹೊಂದುತ್ತದೆ. ಎಕರೆಗಟ್ಟಲೆ ಮೆಕ್ಕೆಜೋಳಕ್ಕೆ ಅದು ಹೊಂದದು, ಅಗತ್ಯವೂ ಇಲ್ಲ. ನಾಡ ಗುಲಗಂಜಿ ಹುಳು ತಾನಾಗಿಯೇ ಬರುತ್ತದೆ. ಬಂದದ್ದಕ್ಕೆ ಇರಲು ಜಾಗ, ತಿನ್ನಲು ಊಟ ಬೇಕು. ಹಿಂದಿನವರು ಜೋಳ, ರಾಗಿಯ ನಡುವೆ ಅಕ್ಕಡಿ ಸಾಲು ಇಡುತ್ತಿದ್ದರು: ಅಲಸಂದೆ, ತೊಗರಿ, ಹೆಸರು, ಅಂಚಿಗೆ ಪುಂಡಿ. ಮನೆಯ ಬೇಳೆಗೆ, ಪಲ್ಯಕ್ಕೆ ಎಂದು ಇಟ್ಟದ್ದು ಅದು. ಆದರೆ ಅಲಸಂದೆಗೆ ಮೊದಲೇ ಬೀಳುವ ಕಪ್ಪು ಹೇನು ಜೋಳವನ್ನು ಕಾಡುವುದಿಲ್ಲ. ಅದನ್ನು ತಿಂದು ಬೆಳೆದ ಗುಲಗಂಜಿ ಹುಳು ಮಾತ್ರ ಪಕ್ಕದ ಸಾಲಿಗೆ ದಾಟಿ ಅಲ್ಲಿನ ಹೇನನ್ನು ತಿನ್ನುತ್ತದೆ. ಹತ್ತಿಯಲ್ಲಿ ಅಲಸಂದೆಯನ್ನು ಅಂತರ ಬೆಳೆಯಾಗಿ ಇಡಿ ಎಂದು ಕೃಷಿ ವಿಜ್ಞಾನಿಗಳು ಇಂದು ಹೇಳುವುದರ ಹಿಂದೆಯೂ ಈ ಕಾರಣವೇ ಇದೆ. ಸೀಗಿ ಹುಣ್ಣಿಮೆಗೆ ಹೊಲದ ತುಂಬ ಚರಗ ಚೆಲ್ಲುವ ಜನರಿಗೆ, ಹೊಲದಲ್ಲಿ ಉಣ್ಣುವ ಬಾಯಿಗಳು ಹಲವಿವೆ ಎಂದು ಬೇರೆ ಯಾರೂ ಕಲಿಸಬೇಕಿಲ್ಲ. ಅಕ್ಕಡಿ ಹೋಗಿ ಬರೀ ಮೆಕ್ಕೆಜೋಳವಾದಲ್ಲಿ, ಬದುವನ್ನೂ ಕಳೆನಾಶಕದಿಂದ ಬೋಳಿಸಿದಲ್ಲಿ, ಆ ಊಟದ ಪಂಕ್ತಿ ಖಾಲಿಯಾಗಿದೆ.

ಔಷಧ ಹೊಡೆಯುವ ವಿಚಾರಕ್ಕೆ ಬಂದರೆ, ಕಾಸರಗೋಡಿನ ಪಡ್ರೆ, ಎಣ್ಮಕಜೆಯ ಕಡೆಯ ಕನ್ನಡದ ಹಳ್ಳಿಗಳು ಕಣ್ಣೆದುರಿಗಿವೆ. ಗೇರು ತೋಟದ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಒಂದು ತಿಗಣೆಯ ಹೆಸರಿನಲ್ಲಿ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಅಷ್ಟು ದೊಡ್ಡ ಪ್ರಮಾಣ ಇಲ್ಲಿ ಇಲ್ಲದಿರಬಹುದು. ಆದರೆ ಹೇನು ಕಂಡ ದಿನವೇ ಇಡೀ ಹೊಲಕ್ಕೆ ಹೊಡೆದರೆ ಸಾಯುವುದು ಎರಡೂ. ಎರಡು ವಾರದಲ್ಲಿ ಹೇನು ಮರಳುತ್ತದೆ, ಅದಕ್ಕೆ ಗಂಡು ಬೇಕಿಲ್ಲ, ಕಾಯಬೇಕಿಲ್ಲ. ಗುಲಗಂಜಿ ಹುಳುವಿನ ಸಂಸಾರ ಮತ್ತೆ ಕೂಡಲು ತಿಂಗಳು ಹಿಡಿಯುತ್ತದೆ. ಆ ನಡುವಿನ ಹೇನಿಗಾಗಿ ಎರಡನೆಯ ಡಬ್ಬಿ, ಮೂರನೆಯ ಡಬ್ಬಿ. ಸಾಲದ ಪುಸ್ತಕದಲ್ಲಿ ಈ ಡಬ್ಬಿಗಳ ಬೆಲೆ ಬರೆದಿರುತ್ತದೆ.

ಆದ್ದರಿಂದ ಮೊದಲು ಗಿಡ ನೋಡಬೇಕು. ಹೊಲದ ನಾಲ್ಕೈದು ಕಡೆ ನಿಂತು ಕೆಲವು ಗಿಡಗಳ ಎಲೆ ತಿರುವಿದಾಗ ಹಳದಿ ಮೊಟ್ಟೆಯ ಗೊಂಚಲು, ಕಪ್ಪು ಮೊಸಳೆಮರಿ, ದುಂಬಿ ಸಾಕಷ್ಟು ಕಂಡರೆ ನಾಲ್ಕು ದಿನ ಕಾದು ಮತ್ತೆ ನೋಡುವುದು ಲೇಸು. ಹೇನು ಏರುತ್ತಲೇ ಇದ್ದರೆ, ಬಿದ್ದ ಸಾಲುಗಳಿಗಷ್ಟೇ ಬೇವಿನ ಬೀಜದ ಕಷಾಯ ಹೊಡೆಯಬಹುದು. ನೂರು ಲೀಟರಿಗೆ ಐದು ಕಿಲೋ ಬೀಜದ ತಿರುಳು, ರಾತ್ರಿ ನೆನೆಸಿ ಸೋಸಿದ್ದು. ಕಾಂಡದ ಮೇಲೆ ಇರುವೆ ಸಾಲು ಹಿಡಿದಿದೆಯೇ ಎಂಬುದನ್ನೂ ಗಮನಿಸಬೇಕು. ಜಿಗಿಯ ಆಸೆಗೆ ಇರುವೆಗಳು ಹೇನನ್ನೂ ಹಿಟ್ಟು ತಿಗಣೆಯನ್ನೂ ದನ ಕಾಯ್ದಂತೆ ಕಾಯುತ್ತವೆ, ಬಂದ ಗುಲಗಂಜಿ ಹುಳುವನ್ನು ಕಚ್ಚಿ ಓಡಿಸುತ್ತವೆ. ದಾಳಿಂಬೆ, ನಿಂಬೆ, ಸೀಬೆಯ ತೋಟದವರು ಕ್ರಿಪ್ಟೊಲೀಮಸ್ ತರುವುದಾದರೆ ಮೊದಲು ಮರದ ಬುಡದಲ್ಲಿನ ಇರುವೆ ಗೂಡನ್ನು ತೆಗೆಸಿ, ನೆಲಕ್ಕೆ ತಾಗುವ ಕೊಂಬೆಗಳನ್ನು ಸವರಿಸಿ, ಬಿಸಿಲು ಇಳಿದ ಮೇಲೆ ಹುಳುಗಳನ್ನು ಬಿಡಬೇಕು. ಅದಕ್ಕೆ ಹಿಂದೆ ಮುಂದೆ ಕೆಲವು ವಾರ ಪಂಪು ಹೊರಗೆ ಬರಕೂಡದು.